ಹಗುರ ಕಾಲನ್ನು ಎಣಿಸದ ಬಾಣ

ಇದು ಮೂರು ವರ್ಷಗಳ ಹಿಂದಿನ ಮಾತು. ಆಳಂದ, ಅಫಜಲಪುರ, ಜೇವರ್ಗಿ ಈ ಮೂರೂ ತಾಲ್ಲೂಕುಗಳಲ್ಲಿ ಗೇಮ್ ಮಷಿನ್ ಕೆಟ್ಟರೆ ರಿಪೇರಿಗೆ ಹೋಗುತ್ತಿದ್ದವನು ನಾನೊಬ್ಬನೇ. ಗಾಣಗಾಪುರದಲ್ಲಿ ಗೇಮ್ ಹಾಲ್ ಇಟ್ಟಿದ್ದ ಶರಣಪ್ಪ, ಹದಿನೈದು ವರ್ಷ ನನ್ನೊಂದಿಗೆ ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ.

ಅವನ ಹಾಲ್‌ನಲ್ಲಿ ಒಂದು ಡ್ಯಾನ್ಸ್ ಮಷಿನ್ ಇತ್ತು. ಪರದೆಯ ಮೇಲೆ ಹಾಡಿನ ತಾಳಕ್ಕೆ ಸರಿಯಾಗಿ ಬಾಣದ ಗುರುತುಗಳು ಏರಿ ಬರುತ್ತವೆ. ನೆಲದ ಪ್ಯಾಡ್ ಮೇಲಿರುವ ಅದೇ ಬಾಣವನ್ನು ಆ ಕ್ಷಣಕ್ಕೆ ತುಳಿಯಬೇಕು. ತುಳಿದರೆ ಕೆಳಗಿನ ಸೆನ್ಸರ್ ಎಣಿಸುತ್ತದೆ. ಬಾಣದ ಪ್ಲೇಟ್ ಸಡಿಲವಾಗಿ ಸೆನ್ಸರ್ ಮೇಲೆ ಕುಸಿದು, ಯಾರೂ ತುಳಿಯದೆಯೇ ಎಣಿಸತೊಡಗಿದರೆ ಮೂಲೆಯ ಕೆಳಗೆ ಸೈಕಲ್ ಟ್ಯೂಬಿನ ಒಂದು ತ್ರಿಕೋನ ತುಂಡು ಇಡುತ್ತಿದ್ದೆ. ಉಪಾಯ ನನ್ನದೇ. ಕಲಿಸಿದ್ದು ಶರಣಪ್ಪ ಒಬ್ಬನಿಗೆ.

ಆ ವರ್ಷ ಮೂರು ತಾಲ್ಲೂಕುಗಳ ಡ್ಯಾನ್ಸ್ ಮಷಿನ್ ಸ್ಪರ್ಧೆ ಅವನ ಹಾಲ್‌ನಲ್ಲೇ ನಡೆಯಿತು. ಗೆದ್ದವರಿಗೆ ಕಲಬುರಗಿಯ ಹೊಸ ಗೇಮ್ ಸೆಂಟರ್‌ನಲ್ಲಿ ಆಟ ಕಲಿಸುವ ಕೆಲಸ. ಕೊನೆಗೆ ಉಳಿದವರು ಇಬ್ಬರು. ಒಬ್ಬ ಶರಣಪ್ಪನ ಅಕ್ಕನ ಮಗ, ದಢೂತಿ ಹುಡುಗ. ಇನ್ನೊಬ್ಬಳು ಕರಜಗಿಯ ಸವಿತಾ. ಅಪ್ಪ ಅವ್ವ ಕಬ್ಬು ಕಡಿಯುವ ಕೂಲಿಗಳು, ಈಕೆ ಗುಡಿಯ ಬಳಿ ತೆಂಗಿನಕಾಯಿ ಅಂಗಡಿಯಲ್ಲಿ ದುಡಿಯುತ್ತಿದ್ದಳು. ಕಡ್ಡಿಯಂಥ ಹುಡುಗಿ, ಬರಿಗಾಲು. ಅವಳ ಹೆಜ್ಜೆ ತಪ್ಪಿದ್ದನ್ನು ನಾನಂತೂ ಕಂಡಿರಲಿಲ್ಲ. ತೀರ್ಪುಗಾರನೂ ನಾನೇ, ಮೆಕ್ಯಾನಿಕ್ಕೂ ನಾನೇ.

ಆಟದ ನಡುವೆ ಸವಿತಾ ನಿಂತುಬಿಟ್ಟಳು. "ಸರ್, ಬಲಗಡಿ ಬಾಣ ನನ್ನ ಕಾಲ ಎಣಸವಲ್ದುರಿ. ತೆಗದ್ ನೋಡ್ರಿ."

ಶರಣಪ್ಪ ನಕ್ಕು ನನ್ನತ್ತ ತಿರುಗಿದ. "ಕುಣಿಲಾರದಾಕಿ ನೆಲ ಡೊಂಕ ಅಂದ್ಳಂತ! ತೆಗಿಯೂದೇನ್ಲೇ, ನೀನಽ ಒಂದ್ ಸಲ ತುಳದ್ ತೋರಸು."

ತುಳಿದೆ. ಟಕ್ಕನೆ ಎಣಿಸಿತು. ಯಾಕೆ ಎಣಿಸದು? ನನ್ನ ತೂಕ ಎಂಬತ್ತಾರು ಕಿಲೋ! ಆ ಹೊತ್ತಿಗೆ ಅದು ಈ ಮೊದ್ದುತಲೆಗೆ ಹೊಳೆಯಲಿಲ್ಲ. "ಮಷಿನ್ ಸುಳ್ಳ ಹೇಳಂಗಿಲ್ಲವಾ. ನಿನ್ನ ಕಾಲಽ ತಪ್ಪ್ಯಾವ" ಎಂದೆ. ಹಾಲ್ ತುಂಬ ನಗೆ. ಅವಳು ಹನ್ನೊಂದು ಹೆಜ್ಜೆಗಳಿಂದ ಸೋತಳು. ಫಲಿತಾಂಶದ ಹಾಳೆಗೆ ಸಹಿ ಹಾಕಿದೆ.

ಮರುದಿನ ಧೂಳು ತೆಗೆಯಲೆಂದು ಆ ಬಲಗಡೆಯ ಬಾಣದ ಪ್ಲೇಟ್ ಬಿಚ್ಚಿದೆ. ನಾಲ್ಕೂ ಮೂಲೆಗಳಲ್ಲಿ ಟ್ಯೂಬಿನ ತ್ರಿಕೋನಗಳು, ಒಂದರ ಮೇಲೊಂದು ಎರಡೆರಡು. ಭಾರದ ಕಾಲಿಗಷ್ಟೇ ಬಗ್ಗುವಂತೆ. ನಾನು ಕಲಿಸಿದ ಅದೇ ಕತ್ತರಿಕೆ! ಒಂದನ್ನು ಕಿತ್ತು ಶರಣಪ್ಪನ ಮುಖದ ಮುಂದೆ ಹಿಡಿದೆ.

"ಯಾಕ್ಲೇ ಹಿಂಗ್ ಮಾಡ್ದಿ?" ಎಂದೆ.

"ಅಕ್ಕನ ಮಗ ಖಾಲಿ ಕುಂತಿದ್ದ. ಆಕಿಗೇನು, ಕಾಯಿ ಮಾರಕೋತ ಇರ್ತಾಳ. ಒದರಬ್ಯಾಡ, ಸಹಿ ನಿಂದಽ ಐತಿ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ನಾನು ತೆಗೆದು ನೋಡುವವನಲ್ಲ, ತುಳಿದು ನೋಡುವವನು ಎಂಬುದು ಅವನಿಗೆ ಹದಿನೈದು ವರ್ಷಗಳಿಂದ ಗೊತ್ತಿತ್ತು. ಕಲಬುರಗಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಸಹಿ ಇರುವ ಹಾಳೆ ಬಂದಿದೆ, ಕೆಲಸ ಕೊಟ್ಟಾಯಿತು ಎಂದರು. ಅಂದಿನಿಂದ ಶರಣಪ್ಪನ ಹೊಸ್ತಿಲು ತುಳಿದಿಲ್ಲ.

ಅಂದು ಫೋನ್ ಇಟ್ಟವನು ನೇರ ಕಾಯಿ ಅಂಗಡಿಗೆ ಹೋದೆ. ಶರಣಪ್ಪನ ಮೋಸವನ್ನೆಲ್ಲ ಬಿಡಿಸಿ ಹೇಳಿದೆ. ಸವಿತಾ ಕಾಯಿಯ ನಾರು ಸುಲಿಯುತ್ತಲೇ ಕೇಳಿಸಿಕೊಂಡಳು.

"ಅವ್ರು ತಮ್ಮವ್ರಿಗಿ ಮಾಡ್ಕೊಂಡ್ರು, ಬಿಡ್ರಿ. ನಾ ನಿಮಗ ತೆಗದ್ ನೋಡ್ರಿ ಅಂದಿದ್ನಿ. ನೀವ್ಯಾಕ ತೆಗೀಲಿಲ್ರಿ?"

ಈಗ ಯಾರೇ ಬಂದು ಬಾಣ ಎಣಿಸಲಿಲ್ಲ ಎಂದರೂ ನಾನು ತುಳಿದು ತೋರಿಸುವುದಿಲ್ಲ. ಮೊದಲು ಸ್ಕ್ರೂ ಬಿಚ್ಚುತ್ತೇನೆ, ಆಮೇಲೆ ಬಾಯಿ.