ಸಿಂಗಪುರದಲ್ಲಿ ಮರ ತಬ್ಬುವುದನ್ನು ಕಲಿತೆ

ಒಂಬತ್ತನೇ ಮಹಡಿಯ ಕಿಟಕಿ ತೆರೆದರೆ ದೂರದಲ್ಲಿ ಸಮುದ್ರ. ಅದಕ್ಕೆ ಹೇಗೋ ಒಗ್ಗಿಕೊಂಡಿದ್ದೆ. ಆ ಬೆಳಗ್ಗೆ ಕೆಳಗೆ ಇಣುಕಿದರೆ, ಪಾರ್ಕಿನಲ್ಲಿ ಮುದುಕ ಮುದುಕಿಯರ ದೊಡ್ಡ ಗುಂಪೊಂದು ಖಾಲಿ ಗಾಳಿಯನ್ನು ತಬ್ಬಿಕೊಂಡು ನಿಂತಿತ್ತು! ಮಾತಿಲ್ಲ, ಅಲುಗಾಟವಿಲ್ಲ. ನಮ್ಮ ಅರಳಗುಪ್ಪೆಯಲ್ಲಾಗಿದ್ದರೆ ಇಷ್ಟೊತ್ತಿಗೆ ಯಾರಾದರೂ ಬೇವಿನ ಸೊಪ್ಪು ಹಿಡಿದು ಓಡಿ ಬಂದಿರುತ್ತಿದ್ದರು.

ಬಂದು ವರ್ಷವೂ ತುಂಬಿರಲಿಲ್ಲ. ಹಡಗಿನ ಯಾರ್ಡಿನಲ್ಲಿ ತಲೆಯ ಮೇಲಕ್ಕೆ ಕೈಯೆತ್ತಿ ಬಣ್ಣ ಬಳಿಯುವ ಕೆಲಸ ನನ್ನದು. ತೆಂಗಿನ ಮರ ಹತ್ತಿ ಇಳಿದ ಮೈ, ಬಣ್ಣದ ಬ್ರಶ್ಶಿಗೆ ಹೆದರುತ್ತದೆಯೇ ಎಂದು ಜಂಬದಿಂದ ಬಂದವನ ಬಲಭುಜ ಬಿಗಿದುಕೊಂಡು ಕೂತುಬಿಟ್ಟಿತು. ಮಾತ್ರೆ ನುಂಗಿದ್ದಾಯಿತು, ಎಣ್ಣೆ ತಿಕ್ಕಿದ್ದಾಯಿತು. ಕೈಯೆತ್ತಲಾರದವನನ್ನು ಯಾರ್ಡಿನವರು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಊರಿಗೆ ಹೋದರೂ ಮರ ಹತ್ತುವಂತಿಲ್ಲ. ಎರಡೂ ಕಡೆ ಬೇಡವಾದವನಾಗುತ್ತೇನೆಂಬ ಭಯಕ್ಕೆ ಅನ್ನ ಸೇರುತ್ತಿರಲಿಲ್ಲ. ಹೇಳಿಕೊಳ್ಳೋಣವೆಂದರೆ ಕನ್ನಡದವರಿಲ್ಲ, ಊರಿಂದ ಬಂದ ಕಾಗದವನ್ನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ.

ಕೊನೆಗೆ ನಾನು ಭುಜ ಹಿಡಿದುಕೊಂಡು ಓಡಾಡುವುದನ್ನು ಕಂಡು ಪಕ್ಕದ ಮನೆಯ ಚೀನೀ ಅಜ್ಜಿಯೇ ನನ್ನನ್ನು ಪಾರ್ಕಿನ ಆ ಗುಂಪಿಗೆ ಎಳೆದೊಯ್ದರು. ಇಲ್ಲಿ ಹಿರಿಯ ಹೆಂಗಸರನ್ನೆಲ್ಲ ಆಂಟಿ ಎನ್ನಬೇಕು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆಯಲ್ಲಿ ಆಂಟಿ ತಿಳಿಸಿದ್ದಿಷ್ಟು: ಇದು ಚಿಗಾಂಗ್. ಚಿ ಎಂದರೆ ಉಸಿರು, ಮೈಯೊಳಗಿನ ಜೀವಕಳೆ. ಗಾಂಗ್ ಎಂದರೆ ಬಿಡದೆ ಮಾಡುವ ಅಭ್ಯಾಸ.

"ದೊಡ್ಡ ಮರ ತಬ್ಬಿಕೋ" ಎಂದರು.

ಅಯ್ಯೋ, ಇದನ್ನು ನನಗೆ ಹೇಳಿಕೊಡಬೇಕೇ! ಅಂಗಾಲು ಒಳಕ್ಕೆ ತಿರುಗಿಸಿ, ತೊಡೆ ಬಿಗಿದು, ಹಲ್ಲು ಕಚ್ಚಿ ಗಾಳಿಯನ್ನು ಅವುಚಿಕೊಂಡೆ. ಗುಂಪಿಗೆ ಗುಂಪೇ ಬಿದ್ದು ಬಿದ್ದು ನಕ್ಕಿತು.

ಆಂಟಿ ಬೆನ್ನಿಗೊಂದು ಏಟು ಕೊಟ್ಟರು. "ನೀನು ಮರ ಹತ್ತುತ್ತಿದ್ದೀಯ. ಹತ್ತಬೇಡ, ನಿಲ್ಲು. ಭುಜ ಸಡಿಲ ಬಿಡು."

ನಿಜವೇ! ಬೀಳದಂತೆ ಹಿಡಿದುಕೊಳ್ಳುವುದೊಂದೇ ನನಗೆ ಗೊತ್ತಿದ್ದದ್ದು. ಬಣ್ಣ ಬಳಿಯುವಾಗಲೂ ಹಾಗೇ ಮೈಯೆಲ್ಲ ಬಿಗಿದುಕೊಂಡಿರುತ್ತಿದ್ದೆ.

ಆಂಟಿ ಹೇಳಿದಂತೆ ಭುಜ ಸಡಿಲವಾಗಿ ಉಸಿರು ಹೊಟ್ಟೆಯವರೆಗೆ ಇಳಿಯಲು ತಿಂಗಳುಗಳೇ ಹಿಡಿದವು. ಅಷ್ಟರಲ್ಲಿ ಆಂಟಿಯ ಅಕ್ಕಿಗಂಜಿ ನನಗೆ ರುಚಿಸಿತು, ನಮ್ಮ ಕೊಬ್ಬರಿ ಚಟ್ನಿಪುಡಿ ಅವರಿಗೆ. ಇಲ್ಲಿ ಒಗೆದ ಬಟ್ಟೆಯನ್ನು ಬಿದಿರುಗಳುವಿಗೆ ಪೋಣಿಸಿ ಕಿಟಕಿಯಾಚೆ ಚಾಚುತ್ತಾರೆ. ಒಂದು ದಿನ ಹಾಗೆ ಚಾಚುತ್ತ ನೋಡುತ್ತೇನೆ, ಗಳು ಎತ್ತಿರುವುದು ಬಲಗೈ! "ಆಂಟೀ!" ಎಂದು ಕಿರುಚಿದ್ದಕ್ಕೆ ಮಹಡಿಯವರೆಲ್ಲ ಬಾಗಿಲು ತೆರೆದು ನಿಂತರು.

ರಜೆಗೆ ಊರಿಗೆ ಹೋದವನು ಬೆಳಗ್ಗೆ ತೋಟದಲ್ಲಿ ಕೈ ಚಾಚಿ ನಿಂತಿದ್ದೆ. ಅಪ್ಪ ಬಂದರು.

"ಇದೇನ್ಲಾ, ಇಷ್ಟೊಂದ್ ಮರ ಇಟ್ಕಂಡು ಗಾಳಿ ತಬ್ಕಂಡ್ ನಿಂತಿದ್ದೀಯ?"

"ಚಿಗಾಂಗ್ ಕಣಪ್ಪ. ಇದ್ರಿಂದ್ಲೇ ಕೈ ನೆಟ್ಟಗಾಗಿದ್ದು."

"ನೆಟ್ಟಗಾಗಿದ್ರೆ ನಿಂತ್ಕಂಡೇನ್ ಮಾಡ್ತೀಯ? ಹತ್ತು ಮತ್ತೆ!"

ಹತ್ತಿದೆ! ಭುಜ ಒಂದು ಸಲವೂ ಚುಳುಕ್ ಅನ್ನಲಿಲ್ಲ. ಗರಿಗಳ ನಡುವೆ ತಲೆ ತೂರಿಸಿ, ಖುಷಿ ತಡೆಯಲಾರದೆ ಹೋ ಎಂದು ಕೂಗಿದೆ. ಸುತ್ತಲೂ ನಮ್ಮ ತೋಟ, ಅದರಾಚೆ ರಾಗಿ ಹೊಲ, ಹಳೇ ಗುಡಿ. ಎಲ್ಲ ಇದ್ದಲ್ಲೇ ಇತ್ತು. ಆದರೂ ಕತ್ತು ಚಾಚಿ ಮತ್ತೇನನ್ನೋ ಹುಡುಕುತ್ತಿದ್ದೆ.

"ಏನ್ಲಾ ನೋಡ್ತಿದ್ದೀಯ ಅಷ್ಟೊತ್ತಿಂದ?" ಕೆಳಗಿನಿಂದ ಅಪ್ಪ ಕೇಳಿದರು.

"ಏನಿಲ್ಲ ಕಣಪ್ಪ" ಎಂದೆ. ಅರಳಗುಪ್ಪೆಯ ತೆಂಗಿನ ಮರದ ಮೇಲೆ ನಿಂತು ಸಮುದ್ರ ಹುಡುಕುತ್ತಿದ್ದೇನೆ ಎಂದು ಹೇಗೆ ಹೇಳಲಿ?