ಎರಡೂ ಎಡವೇ ಆದ ಕೋಟು

ಅರ್ಮೇನಿಯದ ನಿರಾಶ್ರಿತರು ಬಂದು ನೆಲೆಸಿದ ಬುರ್ಜ್ ಹಮ್ಮೂದ್‌ನಲ್ಲಿ ದರ್ಜಿಗಳಿಗೇನೂ ಬರವಿರಲಿಲ್ಲ. ಬೀದಿಯಲ್ಲಿ ಕಣ್ಣುಮುಚ್ಚಿ ಕಲ್ಲು ಎಸೆದರೆ ಒಬ್ಬ ಅರ್ಮೇನಿಯದ ದರ್ಜಿಗೆ ತಾಗುತ್ತಿತ್ತು, ಅವನು ಬೈಯುವ ಮೊದಲು ಎಸೆದವನ ಭುಜದ ಅಳತೆ ನೋಡಿಕೊಳ್ಳುತ್ತಿದ್ದ. ಆದರೆ ಗಂಡಸರ ಕೋಟಿಗೆ ಕತ್ತರಿ ಹಿಡಿದ ಹೆಂಗಸು ಮರಾಶ್ ಪೇಟೆಯಲ್ಲೆಲ್ಲ ಒಬ್ಬಳೇ. ಅವಳು ಅಜ್ನೀವ್. ಅರವತ್ತೇಳು ವರ್ಷದ ಅವಳನ್ನು ಮೊಮ್ಮಗಳು ಹೂರಿಗ್ ಮಾತ್ರವಲ್ಲ, ಗಿರಾಕಿಗಳು, ಪಾದ್ರಿ, ಎದುರಿನ ಕಾಫಿ ಅಂಗಡಿಯ ಮುದುಕ, ಎಲ್ಲರೂ ನೆನೆ ಎಂದೇ ಕರೆಯುತ್ತಿದ್ದರು. ಅಜ್ಜಿ ಎಂದ ಹಾಗೆ.

ಗಂಡ ಮಿಹ್ರಾನ್ ಒಳ್ಳೆಯ ಕಟ್ಟರ್. ಅವನು ತೀರಿಕೊಂಡಾಗ ಗಂಡಸರು ಎರಡು ತಿಂಗಳು ಅಂಗಡಿಯ ಮುಂದೆ ತಲೆ ಬಗ್ಗಿಸಿಕೊಂಡು ದಾಟಿ ಹೋದರು, ಹೆಂಗಸಿನ ಕೈಯಲ್ಲಿ ಎದೆ ಅಳತೆ ಕೊಡುವುದು ಹೇಗೆ ಎಂದು. ಮೂರನೆಯ ತಿಂಗಳು ನೆನೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹಿಡಿದಳು. "ನಿನ್ನ ಮೈ ಮುಟ್ಟೋದೇ ಬೇಡ. ಇಲ್ಲಿಂದ ಅಲ್ಲಿಗೆ ನಡ್ಕೊಂಡು ಹೋಗು, ಸಾಕು." ನಡೆದವನ ಕೋಟು ಹದಿನೈದು ದಿನಕ್ಕೆ ಸಿದ್ಧವಾಗುತ್ತಿತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ. ಯಾರ ಭುಜ ಇಳಿದಿದೆ, ಯಾರ ಬೆನ್ನು ಗೂನು, ಯಾರ ಒಂದು ಕೈ ಗಿಡ್ಡ, ಎಲ್ಲ ಅವಳಿಗೆ ಗೊತ್ತು. ಒಂದನ್ನೂ ಬಾಯಿಬಿಟ್ಟು ಹೇಳಿದವಳಲ್ಲ. ಇಳಿದ ಭುಜದ ಕೆಳಗೆ ಒಂದು ಪದರ ಹತ್ತಿ ಇಟ್ಟು ಹೊಲಿದು ಸುಮ್ಮನಾಗುತ್ತಿದ್ದಳು. ಊರ ಅರ್ಧ ಗಂಡಸರು ತಾವು ನೆಟ್ಟಗಿದ್ದೇವೆ ಎಂದುಕೊಂಡು ಓಡಾಡುತ್ತಿದ್ದುದು ಅವಳ ಪುಣ್ಯದಿಂದ.

ಮಗನಿಗೆ ಸೂಜಿ ಕಂಡರಾಗದು. ಅವನು ಔಷಧಿ ಅಂಗಡಿ ಇಟ್ಟುಕೊಂಡ, ಅಲ್ಲೂ ಸೂಜಿಯೇ ಗಂಟುಬಿತ್ತು ಎಂದು ನೆನೆ ನಗುತ್ತಿದ್ದಳು. ವಿದ್ಯೆ ಬಂದದ್ದು ಮೊಮ್ಮಗಳಿಗೆ. ಹೂರಿಗ್ ಪಟ್ಟಣದ ಶಾಲೆಯಲ್ಲಿ ಮೂರು ವರ್ಷ ಉಡುಪಿನ ವಿನ್ಯಾಸ ಕಲಿತಳು. ಅವಳು ಬರೆದ ಹೆಂಗಸರ ಉಡುಪುಗಳನ್ನು ನೋಡಲು ಸಮುದ್ರದ ದಂಡೆಯ ಶ್ರೀಮಂತರ ಮನೆಗಳಿಂದ ಕಾರುಗಳು ಬಂದು ಆ ಇಕ್ಕಟ್ಟು ಬೀದಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಆದರೂ ಗಂಡಸರ ಕೋಟಿನ ಬಟ್ಟೆಗೆ ಕತ್ತರಿ ಇಡಲು ನೆನೆ ಅವಳನ್ನು ಬಿಟ್ಟಿರಲಿಲ್ಲ. ಆ ವಸಂತದಲ್ಲಿ ನೆನೆಯ ಕಣ್ಣಿಗೆ ಪೊರೆ ಬಂತು. ಬಳಪದ ಗೆರೆ ಎರಡಾಗಿ ಕಾಣತೊಡಗಿದ ದಿನ ಅವಳು ಕತ್ತರಿಯನ್ನು ಮೇಜಿನ ಮೇಲಿಟ್ಟು, "ಮಿಸಾಕನ ಕೋಟು ನೀನೇ ಕತ್ತರಿಸು. ಸರಿಬಂದ್ರೆ ಮೇಜು ನಿಂದು" ಎಂದಳು.

ಬಾರೋನ್ ಮಿಸಾಕ್ ಮೂರನೆಯ ಓಣಿಯ ಚಪ್ಪಲಿ ಹೊಲಿಯುವವನು. ಬಾರೋನ್ ಎಂದು ಎಲ್ಲ ಗಂಡಸರನ್ನೂ ಕರೆಯುತ್ತಾರೆ, ಆದರೆ ಅವನನ್ನು ಕರೆಯುವಾಗ ಜನ ನಿಜವಾಗಿ ಮರ್ಯಾದೆ ಕೊಡುತ್ತಿದ್ದರು. ಚಳಿಗಾಲದಲ್ಲಿ ಹೆಂಡತಿ ಎರಾನಿಗ್ ತೀರಿಹೋದಳು. ಮುಂದಿನ ಭಾನುವಾರ ಮಗಳ ಮದುವೆ. ಅವನು ದಿಂಬಿನ ಚೀಲದಲ್ಲಿ ಸುತ್ತಿ ತಂದ ಕಡುನೀಲಿ ಉಣ್ಣೆ ಬಟ್ಟೆಯನ್ನು ಎರಾನಿಗ್ ಇಪ್ಪತ್ತು ವರ್ಷದ ಹಿಂದೆ ಅಲೆಪ್ಪೊದಲ್ಲಿ ಕೊಂಡಿದ್ದಳು, ಮಗಳ ಮದುವೆಗೆ ಗಂಡ ಕೋಟು ಹಾಕಿಕೊಂಡು ನಿಲ್ಲಲಿ ಎಂದು. ಆಗ ಮಗಳಿಗೆ ಎರಡು ವರ್ಷ. "ಹುಚ್ಚು ಹೆಂಗಸು" ಎಂದು ಮಿಸಾಕ್ ಚೀಲ ಕೊಟ್ಟು, ಕೊಟ್ಟ ಮೇಲೂ ಒಂದು ಗಳಿಗೆ ಕೈ ಬಿಡಲಿಲ್ಲ.

ಅಂಥ ಬಟ್ಟೆ ಈಗ ಯಾವ ಅಂಗಡಿಯಲ್ಲೂ ಇಲ್ಲ. ಅವನು ಎತ್ತರದ ಆಳು. ಬಟ್ಟೆ ಅಳೆದು ಸುರಿದು ಸಾಲುವಷ್ಟೇ ಇತ್ತು.

ಮದುವೆಗೆ ಹತ್ತು ದಿನವಿರುವಾಗ, ಗುರುವಾರ ಬೆಳಿಗ್ಗೆ ಹೂರಿಗ್ ಕತ್ತರಿಗೆ ಕೂತಳು. ಬಟ್ಟೆಯನ್ನು ಜೋಡಿ ಮಡಚಿ ಹಾಸಿ, ಎರಡು ಪದರ ಒಟ್ಟಿಗೇ ಕತ್ತರಿಸಿದರೆ ಒಂದು ಎಡ, ಒಂದು ಬಲ ತಾನಾಗಿ ಬರುತ್ತದೆ. ಇದು ಕೂಸಿಗೂ ಗೊತ್ತಿರುವ ರೀತಿ. ಬೆನ್ನು, ತೋಳು, ಪ್ಯಾಂಟು ಹಾಗೇ ಕತ್ತರಿಸಿದಳು. ಎದೆಯ ಭಾಗಕ್ಕೆ ಬಂದಾಗ ಒಂದು ಪದರದಲ್ಲಿ ನುಸಿ ತಿಂದ ತೂತು ಕಂಡಿತು. ಅದನ್ನು ತಪ್ಪಿಸಲು ಬಟ್ಟೆ ಬಿಚ್ಚಿ ಒಂಟಿ ಪದರ ಹಾಸಿದಳು. ಮಾದರಿ ಕಾಗದ ಇಟ್ಟು ಗೆರೆ ಎಳೆದು ಕತ್ತರಿಸಿದಳು. ಆಮೇಲೆ ಕಾಗದವನ್ನು ಪಕ್ಕಕ್ಕೆ ಸರಿಸಿ ಇನ್ನೊಂದು. ಮಗುಚಲು ಮರೆತಳು.

ಎರಡನ್ನೂ ಎದುರುಬದುರು ಇಟ್ಟು ನೋಡಿದಳು. ಎರಡೂ ಎಡ ಎದೆ. ಬಲಕ್ಕೆ ಬಟ್ಟೆಯಿಲ್ಲ. ಉಳಿದದ್ದು ಅಂಗೈ ಅಗಲದ ಚೂರುಗಳು.

ಮೂಲೆಯಲ್ಲಿ ಕಾಜಾ ಹಾಕುತ್ತಿದ್ದ ಮನ್ನಿಗ್ ಎದ್ದು ಬಂದು ಇಣುಕಿದಳು. ಅವಳು ಆ ಅಂಗಡಿಯಲ್ಲಿ ಮೂವತ್ತು ವರ್ಷದಿಂದ ಕಾಜಾ ಹಾಕುತ್ತಿದ್ದಳು, ನಾಲಗೆ ಸೂಜಿಗಿಂತ ಚೂಪು. "ಮೂರು ವರ್ಷ ಓದಿ ಎಡ ಬಲ ಕಲೀಲಿಲ್ವೇನೇ? ಹೋಗ್ಲಿ, ಮಿಸಾಕನಿಗೆ ಎರಡು ಎಡಗಾಲಿನ ಬೂಟು ಹೊಲ್ಕೊಳ್ಳೋಕೆ ಹೇಳು, ಜೋಡಿ ಆಗುತ್ತೆ" ಎಂದಳು. ಹೂರಿಗ್ ಅಳತೊಡಗಿದ ಮೇಲೆ ಅವಳೇ ಹೋಗಿ ನೀರು ತಂದು ಕೊಟ್ಟಳು.

ಆ ಅಂಗಡಿಗೆ ಒಂದು ಕಟ್ಟಳೆಯಿತ್ತು. ಮಿಹ್ರಾನನ ಅಪ್ಪನ ಕಾಲದ್ದು. ಕೆಡಿಸಿದ ಬಟ್ಟೆ ಅಂಗಡಿಯಲ್ಲಿ ರಾತ್ರಿ ಕಳೆಯಬಾರದು. ಕೆಡಿಸಿದವರೇ ಅದನ್ನು ಕೈಯಲ್ಲಿ ಹಿಡಿದು, ಹೊತ್ತು ಮುಳುಗುವ ಮೊದಲು ಗಿರಾಕಿಯ ಮನೆಗೆ ಹೋಗಿ ಹೇಳಬೇಕು. ಹಾಗೆ ಹೇಳಲಾರದೆ ಊರು ಬಿಟ್ಟ ಕೆಲಸಗಾರರೂ ಇದ್ದರು. ಸತ್ತ ಹೆಂಡತಿಯ ಬಟ್ಟೆ ಕೆಡಿಸಿದೆ ಎಂದು ಮಿಸಾಕನ ಮುಖ ನೋಡಿ ಹೇಳುವುದಕ್ಕಿಂತ ಸಮುದ್ರಕ್ಕೆ ಹಾರುವುದು ವಾಸಿ ಎನಿಸಿತು ಹೂರಿಗ್‌ಗೆ.

ನೆನೆ ಬೈಯಲಿಲ್ಲ. ಎರಡು ತುಂಡನ್ನೂ ಬೆರಳಲ್ಲಿ ಅಂಚು ಸವರಿ ನೋಡಿದಳು. "ಕತ್ತರಿಸಿದ್ದು ಚೆನ್ನಾಗಿದೆ" ಎಂದಳು. "ನನ್ನ ಕೈಲೂ ಇಷ್ಟು ಶುದ್ಧವಾಗಿ ಬರ್ತಿರ್ಲಿಲ್ಲ. ಒಂದನ್ನ ತಿರುಗಿಸು."

"ತಿರುಗಿಸಿದ್ರೆ ಒಳಮೈ ಹೊರಗೆ ಬರುತ್ತಲ್ಲ ನೆನೆ."

"ಬರ್ಲಿ. ನಾನು ಬದುಕಿದ್ದೇ ಒಳಮೈನ ಹೊರಗೆ ಮಾಡಿ."

ಅರ್ಮೇನಿಯನ್ನರನ್ನು ಓಡಿಸಿದ ಕಾಲದಲ್ಲಿ ಹತ್ತು ವರ್ಷದ ಅಜ್ನೀವ್, ಈ ಪೇಟೆಗೆ ಹೆಸರು ಕೊಟ್ಟ ಹಳೆಯ ಊರು ಮರಾಶಿನಿಂದ ನಡೆದು ಬಂದವಳು, ಜೊತೆಗೆ ಹೊರಟ ಒಂಬತ್ತು ಜನರಲ್ಲಿ ತಲುಪಿದವಳು ಒಬ್ಬಳು. ಅನಾಥಾಲಯದ ಹೊಲಿಗೆ ಕೋಣೆಯಲ್ಲಿ ಅವಳಿಗೆ ಕಲಿಸಿದ ಮೊದಲ ಕೆಲಸ ಕೋಟು ತಿರುಗಿಸುವುದು. ದೂರದ ದೇಶಗಳ ಜನ ತೊಟ್ಟು ಸವೆಸಿ ಕಳಿಸಿದ ಕೋಟುಗಳು ಹಡಗಿನಲ್ಲಿ ಬರುತ್ತಿದ್ದವು. ಹೊಲಿಗೆ ಬಿಚ್ಚಿ, ತೊಳೆದು, ಹೊರಗಿನದನ್ನು ಒಳಗೆ, ಒಳಗಿನದನ್ನು ಹೊರಗೆ ಮಾಡಿ ಮತ್ತೆ ಹೊಲಿದರೆ ಹೊಸ ಕೋಟು. ತಿರುಗಿಸಿದ ಕೋಟು ಹಾಕಿಕೊಂಡವನು ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಬಡತನದ ಗುರುತು ಅದು, ಎಡ ಎದೆಯ ಮೇಲಿರಬೇಕಾದ ಜೇಬು ಬಲಗಡೆಗೆ ಬಂದುಬಿಟ್ಟಿರುತ್ತಿತ್ತು, ಅದನ್ನು ಕೈಯಲ್ಲಿ ಮುಚ್ಚಿಕೊಂಡು ಚರ್ಚಿಗೆ ಹೋಗುತ್ತಿದ್ದರು. ಇದನ್ನೆಲ್ಲ ಹೂರಿಗ್ ಕೇಳಿದ್ದಳು, ಮಾಡುವುದನ್ನು ನೋಡಿದ್ದು ಅಂದೇ.

ನೆನೆ ಒಂದು ತುಂಡನ್ನು ಮಗುಚಿ, ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆದ ಲಿನನ್ ಹಾಸಿ, ಎಂಟು ಕಿಲೋದ ಕಬ್ಬಿಣದ ಇಸ್ತ್ರಿಯನ್ನು ಎರಡು ಕೈಯಲ್ಲಿ ಎತ್ತಿಟ್ಟಳು. ಆವಿ ಎದ್ದು ಕೋಣೆಯೆಲ್ಲ ಒದ್ದೆ ಕುರಿಯ ವಾಸನೆ. ಆಮೇಲೆ ಒಡೆದ ಗಾಜಿನ ಚೂರೊಂದನ್ನು ಮೊಮ್ಮಗಳ ಕೈಗೆ ಕೊಟ್ಟು, ಆ ಕೈಯ ಮೇಲೆ ತನ್ನ ಕೈ ಇಟ್ಟಳು. "ಹೆರೆಯೋದಲ್ಲ. ಗಲ್ಲ ಸವರಿದ ಹಾಗೆ. ಮೇಲೆ ಎದ್ದ ನೂಲಿನ ಧೂಳು ಮಾತ್ರ ಬರ್ಬೇಕು, ನೂಲು ಬರ್ಬಾರ್ದು." ಅರ್ಧ ಗಂಟೆಗೆ ಒಂದು ಚಿಟಿಕೆ ನೀಲಿ ಧೂಳು ಬಂತು. ಮತ್ತೆ ಆವಿ, ಮತ್ತೆ ಗಾಜು.

ನಡುವೆ ನೆನೆ ಪರೀಕ್ಷೆ ಮಾಡುತ್ತಿದ್ದುದು ತುಟಿಯಿಂದ. ಕಣ್ಣು ಮುಚ್ಚಿ, ಬಟ್ಟೆಯನ್ನು ಕೆಳತುಟಿಯ ಮೇಲೆ ಎಳೆದುಕೊಂಡು ಯಾವುದು ಮೇಲ್ಮೈ, ಯಾವುದು ಒಳಮೈ ಹೇಳುತ್ತಿದ್ದಳು. ಬೆರಳು ದರ್ಜಿಯ ಕೈಯಲ್ಲಿ ಒರಟಾಗುತ್ತದೆ, ತುಟಿ ಆಗುವುದಿಲ್ಲ. ಐವತ್ತು ವರ್ಷದಲ್ಲಿ ಆ ತುಟಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಬಟ್ಟೆ ವ್ಯಾಪಾರಿಗಳು ಅವಳ ತುಟಿಗೆ ಹೆದರುತ್ತಿದ್ದರು. ಮಧ್ಯಾಹ್ನ ಮನ್ನಿಗ್ ಎರಡು ತುಂಡನ್ನೂ ಹಿಂದೆಮುಂದೆ ಮಾಡಿ ಕೊಟ್ಟಾಗ, ಮುಟ್ಟಿದ ಕೂಡಲೇ "ಇದು ತಿರುಗಿಸಿದ್ದು" ಎಂದಳು. ಮತ್ತೆ ಆವಿ. ಮೂರು ಗಂಟೆಗೆ ತುಸು ಯೋಚಿಸಿ, "ಇದು" ಎಂದಳು. ಸರಿಯೇ. ಮತ್ತೆ ಗಾಜು. ಮಧ್ಯಾಹ್ನದ ಊಟಕ್ಕೆ ತಂದಿಟ್ಟ ಗೋಧಿ ನುಚ್ಚಿನ ಬುಲ್ಗುರ್ ಅನ್ನವನ್ನು ಯಾರೂ ಮುಟ್ಟಿರಲಿಲ್ಲ.

ಐದು ಗಂಟೆಗೆ ಮನ್ನಿಗ್ ಮೂರನೆಯ ಸಲ ಕೊಟ್ಟಳು. ನೆನೆ ತುಟಿಗೆ ಎಳೆದುಕೊಂಡಳು. ಇನ್ನೊಂದು ಎಳೆದುಕೊಂಡಳು. ಮತ್ತೆ ಮೊದಲನೆಯದು. ಆಮೇಲೆ ನಿಧಾನವಾಗಿ ಎಡಗೈಯಲ್ಲಿದ್ದದ್ದನ್ನು ಎತ್ತಿ, "ತಿರುಗಿಸಿದ್ದು ಇದೇ" ಎಂದಳು.

ಅದು ತಿರುಗಿಸಿದ್ದಲ್ಲ.

ಮನ್ನಿಗ್ ನೆನೆಯ ಇನ್ನೊಂದು ಕೈಯನ್ನು ಹಿಡಿದು ಮೇಲೆತ್ತಿದಳು. ನೆನೆಯ ಮುಖ ಮೊದಲು ಪೆಚ್ಚಾಯಿತು, ಆಮೇಲೆ ಹೊಟ್ಟೆಯಿಂದ ನಗು ಬಂತು. ಹೂರಿಗ್‌ಗೆ ಪಟ್ಟಣದ ಶಾಲೆಯಲ್ಲಿ ದೊಡ್ಡ ದೊಡ್ಡವರ ಕೆಲಸ ತೋರಿಸಿದ್ದರು, ಚಪ್ಪಾಳೆ ತಟ್ಟಿದ್ದಳು. ಆದರೆ ಹೀಗೆ ಉಸಿರು ನಿಂತದ್ದು ಅವಳಿಗೆ ಎಂದೂ ಇಲ್ಲ. ಕಣ್ಣು ಕಾಣದ ಮುದುಕಿಯೊಬ್ಬಳು ತನ್ನ ಸ್ವಂತ ತುಟಿಯನ್ನೇ ಸೋಲಿಸಿ ಕೂತಿದ್ದಳು. ಎರಡು ಎದೆಯನ್ನೂ ಪಕ್ಕದಲ್ಲಿಟ್ಟಾಗ ಇನ್ನೊಂದು ಸೋಜಿಗ ಕಂಡಿತು. ಆ ಬಟ್ಟೆಯ ನೇಯ್ಗೆಯಲ್ಲಿ ಓರೆಗೆರೆಗಳಿದ್ದವು. ಎಲ್ಲ ಕೋಟಿನಲ್ಲೂ ಅವು ಎರಡು ಕಡೆ ಒಂದೇ ದಿಕ್ಕಿಗೆ ಓಡುತ್ತವೆ. ಇಲ್ಲಿ ಒಂದು ಎಡದಿಂದ, ಒಂದು ಬಲದಿಂದ ಇಳಿದು ಗುಂಡಿಯ ಸಾಲಿನಲ್ಲಿ ಕೂಡಿಕೊಂಡಿದ್ದವು. ಅಷ್ಟು ಚೆಂದದ ಕೋಟನ್ನು ಹೂರಿಗ್ ಕಾಗದದ ಮೇಲೂ ಬರೆದಿರಲಿಲ್ಲ.

"ಇನ್ನೇನು, ಹೊಲ್ದುಬಿಡಿ" ಎಂದಳು ಮನ್ನಿಗ್. "ನೆನೆ ತುಟೀಗೇ ಗೊತ್ತಾಗ್ಲಿಲ್ಲ ಅಂದ್ಮೇಲೆ ಆ ಚಪ್ಪಲಿಯವನಿಗೇನು ಗೊತ್ತಾಗುತ್ತೆ? ಕೆಟ್ಟಿದ್ರೆ ತಾನೆ ಹೇಳ್ಬೇಕು? ಈಗ ಕೆಟ್ಟಿಲ್ವಲ್ಲ."

ಮಾತು ಸರಿಯೇ ಎನಿಸಿತು. ಹೂರಿಗ್ ನೆನೆಯ ಮುಖ ನೋಡಿದಳು. ನೆನೆ ಇಸ್ತ್ರಿ ಒರೆಸುತ್ತ ಕೂತಿದ್ದಳು. ಕಿಟಕಿಯಾಚೆ ಬಿಸಿಲು ಎದುರು ಮನೆಯ ಮೇಲಂತಸ್ತಿಗೆ ಏರಿತ್ತು. ಹೂರಿಗ್ ಎರಡು ತುಂಡನ್ನೂ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಮೂರನೆಯ ಓಣಿಗೆ ನಡೆದಳು.

ಮಿಸಾಕ್ ಮನೆಯ ಮುಂದಿನ ಮಣೆಯ ಮೇಲೆ ಕೂತು ಬೂಟಿಗೆ ಅಟ್ಟೆ ಬಡಿಯುತ್ತಿದ್ದ. ಅವಳು ನಿಂತೇ ಎಲ್ಲ ಹೇಳಿದಳು, ನುಸಿಯ ತೂತು, ಒಂಟಿ ಪದರ, ಎರಡು ಎಡ. ಅವನು ಸುತ್ತಿಗೆ ಕೆಳಗಿಟ್ಟು, ಕೈ ತೊಳೆದು ಬಂದು, ತುಂಡುಗಳನ್ನು ಮಂಡಿಯ ಮೇಲೆ ಹರಡಿಕೊಂಡ. ಬಹಳ ಹೊತ್ತು ನೋಡಿದ. ಕೊನೆಗೆ ಒಂದರ ಮೇಲೆ ಬೆರಳಿಟ್ಟ.

"ಇದು ನಮ್ಮ ಬಟ್ಟೆ ಅಲ್ವಲ್ಲಮ್ಮ. ಇದನ್ನ ನಾನು ನೋಡೇ ಇಲ್ಲ. ಬೇರೆ ಯಾರದೋ ಸೇರ್ಕೊಂಡಿದೆ."

ಹೂರಿಗ್ ಬಗ್ಗಿ ನೋಡಿದಳು. ಅವನು ಬೆರಳಿಟ್ಟಿದ್ದು ಸರಿಯಾದ ಎಡ ಎದೆಯ ಮೇಲೆ.

"ಇದು ನೋಡು, ಇದು ನಮ್ದು" ಎಂದು ತಿರುಗಿಸಿದ್ದನ್ನು ಹತ್ತಿರಕ್ಕೆ ಎಳೆದುಕೊಂಡ. "ಗೆರೆ ಹೀಗೆ ಈ ಕಡೆಗೆ ಇಳೀತದೆ. ಪ್ರತಿ ವರ್ತವಾರ್ ಹಬ್ಬಕ್ಕೂ ಅವಳು ಪೆಟ್ಟಿಗೆಯಿಂದ ತೆಗೆದು, ಮಡಿಕೆ ಬಿಚ್ದೇನೆ, ಆ ಕಂಬಿ ಮೇಲೆ ಬಿಸಿಲಿಗೆ ಹಾಕ್ತಿದ್ಲು. ನಾನು ಇಲ್ಲೇ ಕೂತು ನೋಡ್ತಿದ್ದೆ. ಇಪ್ಪತ್ತು ವರ್ಷ ಕೈಯಾಡಿಸ್ತಾ ಇದ್ಲಲ್ಲ, ಇದೇ ಕಡೆ."

ಹೂರಿಗ್‌ಗೆ ಆಗ ಅರ್ಥವಾಯಿತು. ಒಳ್ಳೆಯ ಬಟ್ಟೆಯನ್ನು ಯಾವಾಗಲೂ ಮೇಲ್ಮೈ ಒಳಗೆ ಮಾಡಿ ಮಡಚುತ್ತಾರೆ, ಧೂಳು ಕೂರದಿರಲಿ ಎಂದು. ಗಂಡ ಹೆಂಡತಿ ಇಬ್ಬರೂ ನೋಡಿದ್ದು, ಅವಳು ಸವರಿದ್ದು, ಒಳಮೈಯನ್ನೇ. ಅದನ್ನು ಮೆತ್ತಗೆ ಅವನಿಗೆ ಹೇಳಿದಳು. ಅವನು ತಲೆಯಾಡಿಸಿದ, ಮತ್ತೆ ಆ ತುಂಡಿನ ಮೇಲೆ ಅಂಗೈ ಇಟ್ಟ.

"ಹಾಗಾದ್ರೆ ಇದು ಹೊರಗೆ ಕಾಣುತ್ತಾ?"

"ಬಲಗಡೆ ಪೂರ್ತಿ, ಬಾರೋನ್."

"ಆ ಇನ್ನೊಂದನ್ನೂ ತಿರುಗಿಸೋಕಾಗಲ್ವಾ?"

"ತಿರುಗಿಸಿದ್ರೆ ಎರಡೂ ಬಲ ಆಗ್ಬಿಡುತ್ತೆ."

ಅವನು ನಕ್ಕ, ನಗುತ್ತಲೇ ತೋಳಿನಿಂದ ಕಣ್ಣು ಒರೆಸಿಕೊಂಡ. "ಸರಿ ಬಿಡು. ಒಂದು ಕಡೆ ಸಾಕು. ಹೋಗಿ ಹೊಲಿ."

ಅಂಗಡಿಗೆ ಬಂದಾಗ ಇನ್ನೂ ಬೆಳಕಿತ್ತು. "ಏನಂದ?" ಎಂದಳು ನೆನೆ.

"ಇನ್ನೊಂದನ್ನೂ ತಿರುಗಿಸಿ ಕೊಡೋಕಾಗುತ್ತಾ ಅಂತ ಕೇಳ್ದ."

ನೆನೆ ಇಸ್ತ್ರಿ ಒರೆಸುವುದನ್ನು ನಿಲ್ಲಿಸಿದಳು. ಮತ್ತೆ ಹೇಳು ಎಂದಳು, ಹೂರಿಗ್ ಮತ್ತೆ ಹೇಳಿದಳು. ಮರಾಶಿನ ಮಾತು ಬಂದಾಗಲೂ ಅಳದವಳು ಸೆರಗಿನಂತೆ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

"ಎಷ್ಟು ಸಾವಿರ ತಿರುಗಿಸಿದೀನೋ" ಎಂದಳು ಕೊನೆಗೆ. "ಎಲ್ರೂ ಯಾರಿಗೂ ಹೇಳ್ಬೇಡ ಅಂತ ಗೋಗರೆದವ್ರೇ. ಬೇಕು ಅಂತ ಕೇಳಿದೋನು ಇವನೊಬ್ನೇ ಕಣೇ."

ಮನ್ನಿಗ್ ದೀಪ ಹಚ್ಚಿದಳು. ಹೂರಿಗ್ ಮೇಜಿನ ಮುಂದೆ ನೆನೆಯ ಜಾಗದಲ್ಲಿ ಕೂತು ಎರಡು ಎದೆಗೂ ಕಚ್ಚಾ ಹೊಲಿಗೆ ಹಾಕತೊಡಗಿದಳು, ನೆನೆ ಪಕ್ಕದಲ್ಲಿ ಕೂತು ಸೂಜಿಗೆ ಪೋಣಿಸಲು ನೂಲು ಹರಿದು ಹರಿದು ಕೊಡುತ್ತಿದ್ದಳು.