ನೂರ ಎಂಬತ್ತೈದು ಪೌಂಡಿಗೆ ನಿಂತುಹೋದ ಮುನಿರಾಜು

೧೯೬೪ನೇ ಇಸವಿ. ಸೈನ್ಯದಲ್ಲಿ ಪಿ.ಟಿ. ಹವಾಲ್ದಾರನಾಗಿದ್ದು ನಿವೃತ್ತನಾಗಿ ಬಂದ ನಾನು ಯಶವಂತಪುರದ ಒಂದು ಕಾರ್ಖಾನೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದೆ. ಗೋಡೌನಿನ ಹಿಂದಿನ ತಗಡಿನ ಶೆಡ್ಡೇ ನಮ್ಮ ಕ್ಲಬ್ಬು. ಒಂದು ಬಾರ್‌ಬೆಲ್, ಅದಕ್ಕೆ ಸಿಕ್ಕಿಸುವ ಎರಕದ ಪ್ಲೇಟುಗಳು, ಹನ್ನೊಂದು ಜನ ಕಾರ್ಮಿಕರು, ಮತ್ತು ನನ್ನ ಗಂಟಲು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ ನಾನು. ಬೈದರೆ ಭಾರ ಏಳುತ್ತದೆ ಎಂದು ನಂಬಿದ್ದ ಕಾಲ ಅದು.

ಕೆಂಪಾಪುರದ ಮುನಿರಾಜು ಎರಕದ ವಿಭಾಗದಲ್ಲಿ ಟೆಂಪರರಿ ಹೆಲ್ಪರ್. ಇಪ್ಪತ್ತೊಂದು ವಯಸ್ಸು, ತೂಕ ನೂರ ಮೂವತ್ತು ಪೌಂಡು. ತಂದೆ ಇಲ್ಲ, ತಾಯಿಗೆ ಇವನೇ ಆಸರೆ. ದೀಪಾವಳಿಗೆ ಅವನ ಕೆಲಸದ ಅವಧಿ ಮುಗಿಯುತ್ತಿತ್ತು. ಅದಕ್ಕೆ ಮೊದಲು ವೇಟ್‌ಲಿಫ್ಟಿಂಗ್ ತಂಡಕ್ಕೆ ಆಯ್ಕೆಯಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಆಯ್ಕೆಗೆ ಬೇಕಾದದ್ದು ನೂರ ಎಪ್ಪತ್ತು ಪೌಂಡಿನ ಕ್ಲೀನ್ ಅಂಡ್ ಜರ್ಕ್. ಎಂದರೆ ನೆಲದ ಮೇಲಿನ ಭಾರವನ್ನು ಒಂದೇ ಸೆಳೆತಕ್ಕೆ ಹೆಗಲಿಗೆ ತಂದು, ಅಲ್ಲಿಂದ ತಲೆಯ ಮೇಲೆತ್ತಿ ನಿಲ್ಲುವುದು.

ಅದಕ್ಕೆ ಮೊದಲು ಕಾಲು ಗಟ್ಟಿಯಾಗಬೇಕು. ಹಾಗಾಗಿ ವಾರಕ್ಕೆ ಮೂರು ಸಂಜೆ ಸ್ಕ್ವಾಟ್, ಅಂದರೆ ಬಾರ್ ಹೆಗಲಿಗೆ ಹೊತ್ತು ಕೂತು ಏಳುವುದು. ಐದು ಸಲ ಕೂತೆದ್ದರೆ ಒಂದು ಸರದಿ, ಸಂಜೆಗೆ ಮೂರು ಸರದಿ. ಪ್ರತಿ ಸಂಜೆ ಐದು ಪೌಂಡ್ ಹೆಚ್ಚು. ಜೂನ್‌ನಲ್ಲಿ ತೊಂಬತ್ತೈದಕ್ಕೆ ಶುರು ಮಾಡಿದ ಮುನಿರಾಜು ಆರು ವಾರದಲ್ಲಿ ನೂರ ಎಂಬತ್ತೈದು ಮುಟ್ಟಿದ. ನನಗೋ ಹಿಗ್ಗೋ ಹಿಗ್ಗು. ಅಷ್ಟೇ, ಅಲ್ಲಿಗೆ ನಿಂತ. ಮೂರನೇ ಸಲಕ್ಕೆ ಮಂಡಿ ನಡುಗುವುದು, ನಾಲ್ಕನೆಯದಕ್ಕೆ ಕೂತವನು ಕೂತೇ ಬಿಡುವುದು. ಉಳಿದವರು ಬಾರ್ ಹಿಡಿದು ಎತ್ತಬೇಕು.

ನಾನು ಮಾಡಿದ್ದೇನು? ಇನ್ನೂ ಒಂದು ಸಂಜೆ ಸೇರಿಸಿದೆ. ಸರದಿ ಮೂರಿದ್ದದ್ದನ್ನು ಐದು ಮಾಡಿದೆ. ಐದು ವಾರ ಕಳೆದರೂ ಅದೇ ರಾಗ, ಅದೇ ಹಾಡು. ಒಂದು ಸಂಜೆ ಎಲ್ಲರೆದುರು ಕೂಗಾಡಿಬಿಟ್ಟೆ. “ಸೋಮಾರಿ ಕಣೋ ನೀನು! ಮೈಗಳ್ಳ! ನಿನ್ನಂಥೋನಿಗೆ ಖಾಯಂ ಬೇರೆ ಕೇಡು!” ಅವನು ತಲೆ ತಗ್ಗಿಸಿ ಪ್ಲೇಟುಗಳನ್ನು ಜೋಡಿಸಿಟ್ಟು ಹೋದ.

ಮನಸ್ಸು ತಡೆಯಲಿಲ್ಲ. ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಸೈಕಲ್ ಹತ್ತಿ ಕೆಂಪಾಪುರಕ್ಕೆ ಹೋದೆ. ಅವನ ತಾಯಿ ಬಾಗಿಲಲ್ಲಿ ಸಗಣಿ ಸಾರಿಸುತ್ತಿದ್ದರು.

“ಗರಡಿ ಮನೇಗ್ ಓಗವ್ನೆ ಸಾಮಿ. ದಿನಾ ಓಗ್ತಾನಲ್ಲ, ನಿಮ್ಗೆ ಗೊತ್ತಿಲ್ವಾ?”

ಗೊತ್ತಿರಲಿಲ್ಲ! ಗರಡಿಯ ಕೆಂಪು ಮಣ್ಣಿನಲ್ಲಿ ಮುನಿರಾಜು ಬೈಠಕ್, ಅಂದರೆ ಭಾರವಿಲ್ಲದ ಬಸ್ಕಿ, ಹೊಡೆಯುತ್ತಿದ್ದ. ಬೆವರು ಸುರಿಯುತ್ತಿತ್ತು. ಮೂಲೆಯಲ್ಲಿ ಕೂತ ವಸ್ತಾದ್ ಪಿಳ್ಳಪ್ಪನವರು, ಎಪ್ಪತ್ತು ದಾಟಿದ ಗುರು, ಎಣಿಸುತ್ತಿದ್ದರು: “ನಾನೂರಾ ಎಂಬತ್ತು…” ದಿನಕ್ಕೆ ಐನೂರು. ಗರಡಿಗೆ ಸೇರಿದ ದಿನ ಹನುಮಂತನ ಮುಂದೆ ಕೊಟ್ಟ ಮಾತು ಅದು. ಗುರು ಸಾಕು ಅನ್ನುವ ತನಕ ತಪ್ಪಿಸುವಂತಿಲ್ಲ. ಆಮೇಲೆ ಯಶವಂತಪುರಕ್ಕೆ ಸೈಕಲ್, ಇಡೀ ದಿನ ಎರಕದ ಮರಳು ಹೊರುವುದು, ಸಂಜೆ ನನ್ನ ಐದು ಸರದಿ. ದೇವರೇ, ಇವನನ್ನು ನಾನು ಸೋಮಾರಿ ಅಂದಿದ್ದೆ.

“ಯಾಕೋ ಹೇಳ್ಲಿಲ್ಲ?” ಅಂದೆ.

“ಏಳುದ್ರೆ ನೀವ್ ಬಿಡು ಅಂತಿದ್ರಿ ಸಾರ್. ಬಿಟ್ರೆ ಗುರುಗಳ್ಗೆ ಕೊಟ್ಟ ಮಾತು ಓಗ್ತಿತ್ತು.”

ಗುರುಗಳ ಅಪ್ಪಣೆಯನ್ನು ಅವನ ಬದಲು ನಾನೇ ಕೇಳಬೇಕಿತ್ತು, ಅದೂ ಬರಿಗೈಲಿ ಕೇಳುವಂತಿರಲಿಲ್ಲ. ಅಂಗಡಿ ಬಾಗಿಲು ತೆಗೆಸಿ ತೆಂಗಿನಕಾಯಿ, ಎಲೆ ಅಡಿಕೆ ತಂದು ಪಿಳ್ಳಪ್ಪನವರ ಮುಂದಿಟ್ಟು ನೆಲದ ಮೇಲೆ ಕೂತೆ. ವಿಷಯವೆಲ್ಲ ಹೇಳಿದೆ. ಕೆಲಸದ ಮಾತನ್ನೂ ಹೇಳಿದೆ. ಅವರು ಮುನಿರಾಜನನ್ನು ಹತ್ತಿರ ಕರೆದು ತೊಡೆ ಒತ್ತಿ ನೋಡಿದರು.

“ಏನಯ್ಯಾ ಮೇಷ್ಟ್ರೇ, ಸಂಜೆ ನೀವ್ ನಾಟಿ ಆಕೋದು, ಬೆಳಗ್ಗೆ ನಾನ್ ಕಿತ್ತಾಕೋದು. ಇಂಗಾದ್ರೆ ಪೈರು ಎಲ್ಲಿಂದ ಬಂದಾತು?” ಎಂದು ನಕ್ಕರು. ಆಮೇಲೆ ಗರಡಿಯ ಮಣ್ಣು ಚಿಟಿಕೆ ತೆಗೆದು ಅವನ ಹಣೆಗಿಟ್ಟರು. “ಎಲ್ಡ್ ತಿಂಗ್ಳು ನಿಂಗೆ ರಜ ಕಣ್ಲಾ. ನಾನ್ ಕೊಟ್ಟಿದ್ದು. ನೀನಾಗ್ ತಗೊಂಡಿದ್ದಲ್ಲ.”

ಮಾತು ಮುರಿಯಲಿಲ್ಲ, ಕಾಲಿಗೆ ಬಿಡುವು ಸಿಕ್ಕಿತು. ನಾನು ಭಾರವನ್ನು ನೂರ ಅರವತ್ತೈದಕ್ಕೆ ಇಳಿಸಿದೆ. ಸರದಿ ಮತ್ತೆ ಮೂರು, ಸಂಜೆ ಮತ್ತೆ ಮೂರು. ನಮ್ಮ ಲೇತಿನ ಟರ್ನರ್ ಒಬ್ಬನಿಂದ ಒಂದೂಕಾಲು ಪೌಂಡಿನ ಎರಡು ಪುಟ್ಟ ಪ್ಲೇಟು ಕಡೆಸಿ, ಐದರ ಬದಲು ಎರಡೂವರೆ ಪೌಂಡ್ ಏರಿಸುತ್ತ ಹೋದೆ. ತಾಯಿಗೆ ಹೇಳಿ ಬೆಳಗ್ಗೆ ಒಂದು ಮುದ್ದೆ ಹೆಚ್ಚು ಹಾಕಿಸಿದೆ. ಪ್ಲೇಟು ನಾನೇ ಸಿಕ್ಕಿಸುತ್ತಿದ್ದುದರಿಂದ ನಾಲ್ಕನೇ ವಾರ ಅವನು ನೂರ ಎಂಬತ್ತೈದನ್ನು ದಾಟಿದ್ದು ಅವನಿಗೇ ತಿಳಿಯಲಿಲ್ಲ, ನಾನೂ ಬಾಯಿಬಿಡಲಿಲ್ಲ. ಏಳನೇ ವಾರದ ಕೊನೆಗೆ ಇನ್ನೂರ ಹದಿನೈದು.

ದೀಪಾವಳಿಗೆ ಹತ್ತು ದಿನ ಮುಂಚೆ ಆಯ್ಕೆ. ಮೊದಲ ಪ್ರಯತ್ನದಲ್ಲಿ ಕುಕ್ಕರಗಾಲಲ್ಲಿ ಕೂತು ನೂರ ಎಪ್ಪತ್ತನ್ನು ಹೆಗಲಿಗೆ ತಂದ, ಏಳುವಾಗ ಮುಗ್ಗರಿಸಿ ಕೈಬಿಟ್ಟ. ನನ್ನ ಬಾಯಿಗೆ ಬೈಗುಳ ಬಂತು, ನುಂಗಿಕೊಂಡೆ. “ಕೂತ್ಕೊ ಮಗಾ, ನೀರ್ ಕುಡಿ,” ಅಂದೆ. ಎರಡನೆಯದರಲ್ಲಿ ಬಾರ್ ಹೆಗಲಿಗೆ ತಂದು ಕೂತವನು ನಿಧಾನವಾಗಿ ಎದ್ದ. ಒಂದುಸಿರು ನಿಂತ. ಬಾರ್ ತಲೆಯ ಮೇಲೆ ಹೋಯಿತು, ಅಲ್ಲೇ ನಿಂತಿತು. ಮ್ಯಾನೇಜರು ಹೆಸರು ಬರೆದುಕೊಂಡರು.

ಅಂದು ಸಂಜೆ ಶೆಡ್ಡಿನಲ್ಲಿ ಎಲ್ಲರನ್ನೂ ನಿಲ್ಲಿಸಿದೆ. ಎಲ್ಲರೆದುರು ಬೈದವನು ಮೂಲೆಗೆ ಕರೆದು ಕ್ಷಮೆ ಕೇಳುವುದು ನ್ಯಾಯವಲ್ಲ. “ಇವನು ಸೋಮಾರಿ ಅಲ್ಲ. ವಿಚಾರಿಸದೆ ಬೈದ ನಾನು ಸೋಮಾರಿ. ತಪ್ಪಾಯ್ತು ಮುನಿರಾಜು,” ಅಂದೆ. ಐದು ವಾರ ನನ್ನ ಬೈಗುಳ ತಿಂದು ತುಟಿ ಬಿಚ್ಚದವನು ಗೋಡೆಗೆ ತಿರುಗಿ ಅತ್ತುಬಿಟ್ಟ.

ಆಮೇಲೆ ಹದಿನೆಂಟು ವರ್ಷ ಆ ಕೆಲಸ ಮಾಡಿದೆ. ಭಾರ ನಿಂತುಹೋಯಿತು ಎಂದು ಯಾರೇ ಬಂದರೂ ಬಾರ್ ಕಡೆ ನೋಡುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು, “ಬೆಳಗ್ಗೆ ಎದ್ದಾಗಿಂದ ಏನೇನ್ ಮಾಡ್ದಪ್ಪಾ, ಒಂದೊಂದಾಗಿ ಹೇಳು” ಅನ್ನುತ್ತಿದ್ದೆ. ಅವರು ಹೇಳಿ ಮುಗಿಸುವ ತನಕ ಬಾಯಿ ಮುಚ್ಚಿಕೊಂಡು ಕೇಳುವುದನ್ನು ಕಲಿತದ್ದೇ ನನ್ನ ವಿದ್ಯೆ.